ಹೊಲದ ಟ್ರೇಲರಿಗೆ ಕೈಬ್ರೇಕು: ಕೇಬಲ್ ಆರಿಸುವ ಮತ್ತು ಅಳವಡಿಸುವ ಕ್ರಮ

ಹಳೆಯ ಕಾರಿನ ಹಿಂದಿನ ಆಕ್ಸಲನ್ನು ಗುಜರಿಯಿಂದ ತಂದು, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಚೌಕಟ್ಟು ಕಟ್ಟಿಸಿ, ಗೊಬ್ಬರ, ಮೇವು, ದ್ರಾಕ್ಷಿ ಕ್ರೇಟು ಸಾಗಿಸಲು ಚಿಕ್ಕ ಟ್ರೇಲರ್ ಮಾಡಿಕೊಳ್ಳಬೇಕೆಂದಿದ್ದೀರಾ? ಹಾಗಾದರೆ ಹಲಗೆ, ಬಣ್ಣಗಳಿಗಿಂತ ಮೊದಲು ಕೈಬ್ರೇಕಿನ ಬಗ್ಗೆ ಯೋಚಿಸಿರಿ. ಯಲಹಂಕ, ಜಕ್ಕೂರುಗಳ ಸುತ್ತ ಕೆರೆ ಏರಿಗಳೂ ಇಳಿಜಾರು ಹೊಲಗಳೂ ಬಹಳ. 1,000 ಕಿಲೋ ತೂಕದ ಗಾಡಿ 10 ಅಡಿಗೆ 1 ಅಡಿ ಇಳಿಯುವ ಜಾಗದಲ್ಲಿ ನಿಂತಾಗ, ಅದನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 100 ಕಿಲೋ. ಟ್ರ್ಯಾಕ್ಟರನ್ನು ಬಿಚ್ಚಿದ ಕ್ಷಣದಲ್ಲಿ ಈ ಬಲವನ್ನು ತಡೆಯುವುದು ಕೈಬ್ರೇಕು ಮತ್ತು ಅಡ್ಡಗಲ್ಲು ಮಾತ್ರ. ಗಾಡಿಯ ಹಿಂದೆ ಮಕ್ಕಳಿರಬಹುದು, ದನ ಕಟ್ಟಿರಬಹುದು.

ಕೇಬಲ್ ಕೆಲಸ ಮಾಡುವ ಬಗೆ

ಕೇಬಲಿನಲ್ಲಿ ಎರಡು ಭಾಗಗಳಿವೆ: ಎಳೆಯುವ ಒಳತಂತಿ ಮತ್ತು ಅದನ್ನು ಸುತ್ತಿದ ಹೊರಕವಚ. ಹೊರಕವಚದ ಎರಡು ತುದಿಗಳೂ ಅಲುಗದಂತೆ ಆಧಾರಕ್ಕೆ ಒತ್ತಿ ನಿಂತಿರಬೇಕು. ಒಂದು ತುದಿ ಚೌಕಟ್ಟಿನ ಬ್ರಾಕೆಟ್ಟಿಗೆ, ಇನ್ನೊಂದು ಗಾಲಿಯ ಹಿಂಬದಿಯ ತಟ್ಟೆಗೆ. ಕವಚ ಸರಿದರೆ ತಂತಿಯ ಎಳೆತ ವ್ಯರ್ಥವಾಗುತ್ತದೆ.

ಒಂದು ಲೆಕ್ಕ ನೋಡಿರಿ. ಸನ್ನೆಯ ಅನುಪಾತ 6ಕ್ಕೆ 1 ಎಂದುಕೊಳ್ಳೋಣ. ಹಿಡಿಯನ್ನು 20 ಕಿಲೋ ಬಲದಿಂದ 18 ಸೆಂ.ಮೀ. ಎಳೆದರೆ, ಎಳೆತದ ಕಡ್ಡಿಯಲ್ಲಿ 120 ಕಿಲೋ ಬಲ ದೊರೆಯುತ್ತದೆ. ಆದರೆ ಅದರ ಚಲನೆ 3 ಸೆಂ.ಮೀ. ಮಾತ್ರ. ಕಡ್ಡಿಯ ಬಲವನ್ನು ಸಮತೂಕದ ಪಟ್ಟಿಯು ಎರಡು ಗಾಲಿಗಳಿಗೆ 60 ಕಿಲೋದಂತೆ ಹಂಚುತ್ತದೆ. ಕೇಬಲಿನಲ್ಲಿ 1 ಸೆಂ.ಮೀ. ಸಡಿಲವಿದ್ದು, ಬ್ರಾಕೆಟ್ಟು ಇನ್ನೊಂದು ಸೆಂ.ಮೀ. ಬಾಗಿದರೆ, ಬ್ರೇಕ್ ಷೂ ತಳ್ಳಲು ಉಳಿಯುವುದು 1 ಸೆಂ.ಮೀ. ಅಷ್ಟೆ. ಹಿಡಿ ಕೊನೆ ಮುಟ್ಟಿದರೂ ಗಾಡಿ ನಿಲ್ಲದಿರಲು ಸಾಮಾನ್ಯವಾಗಿ ಇದೇ ಕಾರಣ.

ಕೊಳ್ಳುವಾಗ

ಆಕ್ಸಲ್ ಕೊಳ್ಳುವಾಗಲೇ ಅದರ ಎರಡೂ ಕೇಬಲು, ಡ್ರಮ್ಮಿನೊಳಗಿನ ಸನ್ನೆ ಮತ್ತು ಬ್ರಾಕೆಟ್ಟುಗಳನ್ನು ಕೇಳಿ ಪಡೆಯಿರಿ. ವಾಹನದ ಹೆಸರು, ವರ್ಷ ಬರೆದಿಟ್ಟುಕೊಳ್ಳಿರಿ. ಅಂಬಾಸಿಡರ್ ತಯಾರಿಕೆ 2014ರಲ್ಲಿ, ಮಾರುತಿ ಓಮ್ನಿ ತಯಾರಿಕೆ 2019ರಲ್ಲಿ ನಿಂತವು. ಇಂಥ ವಾಹನಗಳ ಭಾಗ ಹುಡುಕುವಾಗ ಬಾಯಿಮಾತಿಗಿಂತ ಕೈಯಲ್ಲಿರುವ ಮಾದರಿಯೇ ಮೇಲು. ಹಳೆಯ ಕೇಬಲನ್ನು ಮಾದರಿಗೆ ಮಾತ್ರ ಬಳಸಿ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಅಂಗಡಿಗಳಲ್ಲಿ ಹೊಸದನ್ನೇ ಕೊಳ್ಳಿರಿ.

ಮೂರು ಸಂಗತಿಗಳನ್ನು ಹೋಲಿಸಿ ನೋಡತಕ್ಕದ್ದು: ಹೊರಕವಚದ ಉದ್ದ, ಒಳತಂತಿ ಹೊರಚಾಚಿರುವ ಉದ್ದ, ತುದಿಗಳ ಆಕಾರ. ಒಟ್ಟು ಉದ್ದ ಒಂದೇ ಇದ್ದರೆ ಸಾಲದು. ಕವಚ 2 ಸೆಂ.ಮೀ. ಹೆಚ್ಚಿದ್ದರೆ ತಂತಿ ಅಷ್ಟೇ ಕಡಿಮೆ ಹೊರಬರುತ್ತದೆ. ಬ್ರೇಕು ಸದಾ ಹಿಡಿದುಕೊಂಡು ಡ್ರಮ್ ಕಾಯುತ್ತದೆ. ಎಡ ಬಲದ ಕೇಬಲುಗಳ ಉದ್ದ ಬೇರೆಯಾಗಿರಬಹುದು; ಅದಲುಬದಲು ಮಾಡಬೇಡಿ.

ಕೇಬಲನ್ನು ಕತ್ತರಿಸಬೇಡಿ, ಬ್ರಾಕೆಟ್ಟನ್ನು ಸರಿಸಿ

ನಿಮ್ಮ ಚೌಕಟ್ಟಿಗೆ ಕಾರಿನ ಕೇಬಲ್ ಸರಿಯಾಗಿ ಹೊಂದುವುದು ಅಪರೂಪ. ಆಗ ತಂತಿಯನ್ನು ಕತ್ತರಿಸಿ ಗಂಟು ಹಾಕುವುದು, ವೆಲ್ಡ್ ಮಾಡುವುದು, ಕ್ಲಾಂಪಿನಿಂದ ಬಿಗಿಯುವುದು ಕೂಡದು. ವೆಲ್ಡಿಂಗ್ ಕಾವಿಗೆ ತಂತಿಯ ಗಟ್ಟಿತನ ಹೋಗುತ್ತದೆ. ಗಂಟು, ಕ್ಲಾಂಪುಗಳು ಭಾರ ಬಿದ್ದಾಗ ಜಾರುತ್ತವೆ.

ಬದಲಾಗಿ ಹೀಗೆ ಮಾಡಿರಿ:

1. ಕೇಬಲುಗಳನ್ನು ಮೊದಲು ಗಾಲಿಗಳಿಗೆ ಸೇರಿಸಿ, ಮುಂದಕ್ಕೆ ಚಾಚಿರಿ. ಕಡಿದಾದ ತಿರುವು ಬೇಡ. ಟೈರಿಗೆ, ಸ್ಪ್ರಿಂಗಿಗೆ ತಾಗಬಾರದು.

2. ಹೊರಕವಚದ ಮುಂತುದಿ ಎಲ್ಲಿಗೆ ಬರುತ್ತದೋ ಅಲ್ಲಿ ಗುರುತು ಮಾಡಿ, 6 ಮಿ.ಮೀ. ದಪ್ಪದ ಪಟ್ಟಿಯ ಬ್ರಾಕೆಟ್ಟನ್ನು ಅಲ್ಲೇ ಹಾಕಿಸಿರಿ. ವೆಲ್ಡಿಂಗ್ ಮಾಡುವ ಮುನ್ನ ಕೇಬಲುಗಳನ್ನು ಬಿಚ್ಚಿಡಿ.

3. ಒಳತಂತಿಗಳ ತುದಿಗಳನ್ನು ಸಮತೂಕದ ಪಟ್ಟಿಗೆ ಸಿಕ್ಕಿಸಿರಿ.

4. ಪಟ್ಟಿಯಿಂದ ಸನ್ನೆಯವರೆಗೆ ಉಳಿದ ಅಂತರಕ್ಕೆ ಮರೆ ಕೊರೆದ ಉಕ್ಕಿನ ಕಡ್ಡಿ, ಎರಡು ನಟ್ಟು ಹಾಕಿರಿ. ಉದ್ದದ ಹೆಚ್ಚುಕಡಿಮೆಯನ್ನೆಲ್ಲ ಈ ಕಡ್ಡಿಯೇ ತೀರಿಸುತ್ತದೆ. ಲೇತ್ ಅಂಗಡಿಯಲ್ಲಿ ಇದನ್ನು ಸುಲಭವಾಗಿ ಮಾಡಿಕೊಡುತ್ತಾರೆ.

5. ಸನ್ನೆಗೆ ಹಲ್ಲುಪಟ್ಟಿಯೂ ಕೊಕ್ಕೆಯೂ ಇರಲೇಬೇಕು. ಹಗ್ಗದಿಂದ ಕಟ್ಟಿ ನಿಲ್ಲಿಸುವ ಸನ್ನೆ ಬ್ರೇಕಲ್ಲ.

ಹೊಂದಿಕೆ ಮತ್ತು ಪರೀಕ್ಷೆ

ಮಟ್ಟಸ ನೆಲದಲ್ಲಿ ಗಾಡಿಯನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ಮೊದಲು ಡ್ರಮ್ಮಿನ ಷೂಗಳನ್ನು ಸರಿಪಡಿಸಿ, ನಂತರವೇ ಕಡ್ಡಿಯ ನಟ್ಟು ಬಿಗಿಯಿರಿ. ಸವೆದ ಷೂವಿನ ಕೊರತೆಯನ್ನು ಕೇಬಲ್ ಎಳೆದು ಮುಚ್ಚಬೇಡಿ. ಹಿಡಿ ಬಿಟ್ಟಾಗ ಗಾಲಿಗಳು ಸಲೀಸಾಗಿ ತಿರುಗಬೇಕು. ಎಳೆದಾಗ ಎರಡೂ ಒಟ್ಟಿಗೆ ಹಿಡಿಯಬೇಕು.

ಬಳಿಕ ಖಾಲಿ ಗಾಡಿ, ಆಮೇಲೆ ಅರ್ಧ ಭಾರ, ಕೊನೆಗೆ ಪೂರ್ಣ ಭಾರದಲ್ಲಿ ಇಳಿಜಾರಿನಲ್ಲಿ ನೋಡಿರಿ. ಟ್ರ್ಯಾಕ್ಟರಿಗೆ ಕೊಂಡಿ ಹಾಕಿಯೇ ಇರಲಿ. ಗಾಲಿಗಳಿಂದ ಗೇಣು ಕೆಳಗೆ ಅಡ್ಡಗಲ್ಲುಗಳಿರಲಿ. ಕೆಳಬದಿಯಲ್ಲಿ ಯಾರೂ ನಿಲ್ಲಬಾರದು. ಕೆಲವು ಡ್ರಮ್ ಬ್ರೇಕುಗಳು ಒಂದು ದಿಕ್ಕಿಗಿಂತ ಇನ್ನೊಂದು ದಿಕ್ಕಿನಲ್ಲಿ ಚೆನ್ನಾಗಿ ಹಿಡಿಯುತ್ತವೆ. ಆದ್ದರಿಂದ ಗಾಡಿಯ ಮುಖವನ್ನು ಏರಿಗೂ ಇಳಿಜಾರಿಗೂ ಮಾಡಿ ಪರೀಕ್ಷಿಸಿರಿ.

ಹೊಸ ಕೇಬಲ್ ಮೊದಲ ವಾರದಲ್ಲಿ ಸ್ವಲ್ಪ ಸಡಿಲಗೊಳ್ಳುತ್ತದೆ, ಮತ್ತೊಮ್ಮೆ ಬಿಗಿಯಿರಿ. ತಿಂಗಳಿಗೊಮ್ಮೆ ಕೆಸರು, ಸಗಣಿ ತೊಳೆದು ನೋಡಿ. ತಂತಿಯ ಒಂದೇ ಎಳೆ ಬಿಚ್ಚಿಕೊಂಡಿದ್ದರೂ ಕೇಬಲನ್ನು ಬದಲಿಸಿ.

ಕೊನೆಯ ಮಾತು

ಹೀಗೆ ಕಟ್ಟಿದ ಟ್ರೇಲರ್ ಹೊಲದೊಳಗಿನ ಕೆಲಸಕ್ಕೆ ಮಾತ್ರ. ಯಶವಂತಪುರದ ಮಾರುಕಟ್ಟೆಗೆ ಹೆದ್ದಾರಿಯಲ್ಲಿ ಸರಕು ಒಯ್ಯಲು ನೋಂದಣಿಯಾದ ಟ್ರೇಲರೇ ಬೇಕು. ನೋಂದಣಿಯಾದ ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಸಂಶಯವಿದ್ದರೆ ಯಲಹಂಕದ ಸಾರಿಗೆ ಕಚೇರಿಯಲ್ಲಿ ವಿಚಾರಿಸಿರಿ. ಯಂತ್ರದ ವಿಷಯದಲ್ಲಿ ಸಲಹೆ ಬೇಕಾದರೆ ಜಿ.ಕೆ.ವಿ.ಕೆ. ಆವರಣದ ಕೃಷಿ ಇಂಜಿನಿಯರಿಂಗ್ ಕಾಲೇಜಿನವರನ್ನು ಕಾಣಬಹುದು.

ಕೈಬ್ರೇಕು ಎಷ್ಟೇ ಚೆನ್ನಾಗಿರಲಿ, ಟ್ರ್ಯಾಕ್ಟರ್ ಬಿಚ್ಚುವ ಮುನ್ನ ಎರಡೂ ಗಾಲಿಗಳಿಗೆ ಅಡ್ಡಗಲ್ಲು ಇಡುವುದನ್ನು ಮರೆಯಬೇಡಿ.