ವಿಮಾನದ ಪೆಟ್ಟಿಗೆ, ವಿಮಾನದ ಕೈಚೀಲ

ಬೇಸಿಗೆಯ ರಜೆ ಸಮೀಪಿಸಿತೆಂದರೆ ಶಹಾಡಿನ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೊರಡುವ ಸಂಭ್ರಮ. ರೈಲಿನಲ್ಲಿ ಹೋಗುವವರು ಆಸನದ ಕೆಳಗೆ ಹಿಡಿಸಿದಷ್ಟನ್ನೂ ತುರುಕಬಹುದು. ಮುಂಬಯಿಯಿಂದ ಮಂಗಳೂರಿಗೆ ವಿಮಾನ ಹತ್ತುವವರಿಗೆ ಆ ಸ್ವಾತಂತ್ರ್ಯವಿಲ್ಲ. 1951ರ ಡಿಸೆಂಬರ್ 25ರಂದು ಬಜ್ಪೆಯ ವಿಮಾನ ನಿಲ್ದಾಣ ತೆರೆದಾಗ ಇದು ಸಿರಿವಂತರಿಗಷ್ಟೇ ಸಂಬಂಧಿಸಿದ ವಿಷಯವಾಗಿತ್ತು. ಇಂದು ಹಾಗಲ್ಲ. ಯಾವುದು ಪೆಟ್ಟಿಗೆಗೆ, ಯಾವುದು ಕೈಚೀಲಕ್ಕೆ ಎಂಬ ವಿಂಗಡಣೆಯ ಹಿಂದೆ ನಾವು ತರಗತಿಯಲ್ಲಿ ಓದುವ ವಿಜ್ಞಾನವೇ ಅಡಗಿದೆ.

ಒಮ್ಮೆ ಊರಿನಿಂದ ಮರಳುವಾಗ ಅರ್ಧ ತುಂಬಿದ ತೆಂಗಿನೆಣ್ಣೆಯ ಸೀಸೆಯನ್ನು ಬಟ್ಟೆಗಳ ನಡುವೆ ಮಲಗಿಸಿಟ್ಟಿದ್ದೆವು. ಮನೆಯಲ್ಲಿ ಪೆಟ್ಟಿಗೆ ತೆರೆದರೆ ಹೊಸ ಸೀರೆಯೆಲ್ಲ ಎಣ್ಣೆ! ತಪ್ಪು ನಮ್ಮದೇ. ಎತ್ತರದಲ್ಲಿ ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡವು ನೆಲದ ಒತ್ತಡದ ಸುಮಾರು ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ. ಸೀಸೆಯಲ್ಲಿ ಉಳಿದ ಗಾಳಿ ಹಿಗ್ಗಿ ಎಣ್ಣೆಯನ್ನು ಮುಚ್ಚಳದ ಸಂದಿನಿಂದ ಹೊರದೂಡುತ್ತದೆ. ಮೆದು ಸೀಸೆಯನ್ನು ಅದುಮಿ, ಗಾಳಿ ತೆಗೆದು ಮುಚ್ಚಿ, ಚೀಲದೊಳಗೆ ಕಟ್ಟಿ ನಿಲ್ಲಿಸಿಡಬೇಕು.

ಕತ್ತರಿ, ಚಾಕು, ಬ್ಲೇಡುಗಳು ಕೆಳಗೆ ಹೋಗುವ ಪೆಟ್ಟಿಗೆಗೆ. ಇದರ ಕಾರಣವನ್ನು ಹೇಳಬೇಕಾಗಿಲ್ಲ. ಫೋನಿಗೆ ವಿದ್ಯುತ್ ತುಂಬುವ ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲಿಯೇ ಇರತಕ್ಕದ್ದು. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಕಣ್ಣೆದುರಿಗಿದ್ದಾಗ ಆರಿಸಬಹುದು. ಸರಕಿನ ಕೋಣೆಯಲ್ಲಿ ಯಾರು ನೋಡುವರು? 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಸರಕು ವಿಮಾನವೊಂದರಲ್ಲಿ ಇಂತಹ ಬ್ಯಾಟರಿಗಳಿದ್ದ ಭಾಗದಲ್ಲಿಯೇ ಬೆಂಕಿಯೆದ್ದು, ವಿಮಾನ ಕೆಳಗುರುಳಿ ಇಬ್ಬರು ಚಾಲಕರೂ ಮಡಿದರು. ಸಾಮಾನ್ಯ ಮಿತಿ 100 ವ್ಯಾಟ್-ಗಂಟೆ. ಲೆಕ್ಕವನ್ನು ನೀವೇ ಮಾಡಿರಿ: 20,000 ಮಿಲಿಆಂಪಿಯರ್-ಗಂಟೆ ಎಂದರೆ 20 ಆಂಪಿಯರ್-ಗಂಟೆ, ಅದನ್ನು 3.7 ವೋಲ್ಟಿನಿಂದ ಗುಣಿಸಿದರೆ 74. ಒಯ್ಯಲು ಅಡ್ಡಿಯಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಅಜ್ಜಿ ಕೊಡುವ ಒಣಕೊಬ್ಬರಿ. ಅದು ಪೆಟ್ಟಿಗೆಗೂ ಸಲ್ಲದು, ಕೈಚೀಲಕ್ಕೂ ಸಲ್ಲದು. ಕೊಬ್ಬರಿಯ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡುತ್ತ ಮೆಲ್ಲಮೆಲ್ಲನೆ ಬಿಸಿಯಾಗುತ್ತದೆ; ಒತ್ತಾಗಿ ತುಂಬಿದಲ್ಲಿ ಆ ಶಾಖಕ್ಕೆ ಹೊರದಾರಿಯಿಲ್ಲದೆ, ಕಿಡಿಯಿಲ್ಲದೆಯೇ ಉರಿ ಹತ್ತಬಹುದು. ಹಸಿಯ ತೆಂಗಿನಕಾಯಿಯ ಮಾತು ಬೇರೆ. 2024ರಲ್ಲಿ ಶಬರಿಮಲೆಯ ಯಾತ್ರಿಕರು ಇರುಮುಡಿಯ ಕಾಯಿಯನ್ನು ತಪಾಸಣೆಯ ಬಳಿಕ ಕೈಯಲ್ಲಿಯೇ ಒಯ್ಯಲು ಆ ಋತುವಿನ ಮಟ್ಟಿಗೆ ಅನುಮತಿ ದೊರೆತಿತ್ತು.

ಇಷ್ಟನ್ನು ತಿಳಿಸಿದರೂ ಅಜ್ಜಿ ಒಪ್ಪುವರೆಂಬ ಭರವಸೆ ನಮಗಿಲ್ಲ. ಕೊಬ್ಬರಿಯ ಕಟ್ಟನ್ನು ರೈಲಿನಲ್ಲಿ ಬರುವ ನೆಂಟರ ಕೈಗೆ ಕೊಡುವಂತೆ ಹೊರಡುವ ಮುನ್ನಾದಿನವೇ ಕೇಳಿಕೊಳ್ಳಿರಿ.