ಅಗ್ಗದ ಗುಂಡಿಗೆ ಕೈ ಚಾಚಬೇಡಿ

ತೊಗರಿಗೆ ಹಂದಿ ಕಾಟವೆಂದು ಲೈಸೆನ್ಸ್ ಬಂದೂಕು ಇಟ್ಟುಕೊಂಡಿರುವ ಸುಲೇಪೇಟ, ಚಿಂಚೋಳಿ ಕಡೆಯ ಅಣ್ಣತಮ್ಮಂದಿರೇ, ಗುರಿ ಅಭ್ಯಾಸಕ್ಕೆಂದು ಬಿಲ್ಲಿಲ್ಲದ ಗುಂಡು ಕೊಳ್ಳಬೇಡಿ. ಅಧಿಕೃತ ಅಂಗಡಿಯಲ್ಲೇ ಕೊಳ್ಳಿ, ಲೈಸೆನ್ಸಿನ ಮಿತಿ ದಾಟಬೇಡಿ. ಖಾಲಿ ತೋಟಾಕ್ಕೆ ಮನೆಯಲ್ಲೇ ಮದ್ದು ತುಂಬಿದ್ದಂತೂ ಬೇಡವೇ ಬೇಡ. ಮದ್ದು ಅಳತೆ ಮೀರಿದರೆ ನಳಿಗೆಯೇ ಸಿಡಿಯುತ್ತದೆ. ಕೆನ್ನೆಗೆ ಹಿಡಿ ಒತ್ತಿ ಗುರಿಯಿಟ್ಟವನ ಕಣ್ಣು ಅಲ್ಲೇ ಪಕ್ಕದಲ್ಲಿರುತ್ತದೆ, ನೆನಪಿರಲಿ.

ಖರ್ಚು ಉಳಿಸಬೇಕೇ? 0.177 ಅಂಗುಲದ ಏರ್‌ಗನ್ ಹಿಡಿದು ಕಲಿಯಿರಿ. ಅದರ ಛರ್ರೆ ಬಲು ಅಗ್ಗ. ಉಸಿರು ಬಿಗಿಹಿಡಿಯುವುದು, ಕುದುರೆಯನ್ನು ಮೆಲ್ಲಗೆ ಎಳೆಯುವುದು ಅದರಲ್ಲೇ ಕೈಗೆ ಹತ್ತುತ್ತದೆ. ಗುರಿಹಲಗೆಯ ಹಿಂದೆ ದಪ್ಪ ಮಣ್ಣಿನ ದಿಬ್ಬ ಇರಲಿ. ಜಿಂಕೆ, ನವಿಲಿನ ಮೇಲೆ ಮಾತ್ರ ಗುರಿ ಹಿಡಿಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವನ್ನು ಕಾಯುತ್ತಿದೆ. ಹಂದಿ ಕಾಟ ಹೆಚ್ಚಾದರೆ ಮೊದಲು ಅರಣ್ಯ ಇಲಾಖೆಗೆ ಅರ್ಜಿ ಕೊಡಿ.