ಇಂಜಿನ್ ದೀಪ ಹತ್ತಿತೆಂದು ಸೆನ್ಸರ್ ಕೊಳ್ಳಲು ಓಡಬೇಡ

ತಮ್ಮಾ, ಹಳೇ ಪೆಟ್ರೋಲ್–ಸಿಎನ್‌ಜಿ ಸಣ್ಣ ಟ್ರಕ್ ತಗೊಂಡಿದ್ದೀಯಂತೆ. ಒಳ್ಳೆಯದಾಯಿತು. ನಮ್ಮ ಅನಂತಪುರದಿಂದ ಅಥಣಿಗೆ, ಮಿರಜಕ್ಕೆ ದ್ರಾಕ್ಷಿ, ಮಣೂಕ, ತರಕಾರಿ ಹೊಡೆಯಲು ಅಷ್ಟು ಗಾಡಿ ಸಾಕು. ಆದರೆ ಹಳದಿ ಇಂಜಿನ್ ದೀಪ ಹತ್ತಿದೆ, ಆಕ್ಸಿಜನ್ ಸೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ಎರಡೂ ಬದಲಿಸು ಎಂದು ಯಾರೋ ಹೇಳಿದ್ದಾರಂತೆ. ರೊಕ್ಕ ಬಿಚ್ಚುವ ಮೊದಲು ನನ್ನ ನಾಲ್ಕು ಮಾತು ಕೇಳು.

ಮೊದಲು ಸ್ಕ್ಯಾನರ್ ಹಚ್ಚಿಸಿ ಕೋಡ್ ನಂಬರ್ ಬರೆದುಕೋ. ‘ಸೆನ್ಸರ್ ಹೋಗಿದೆ’ ಎಂಬ ಬಾಯಿಮಾತು ಲೆಕ್ಕಕ್ಕಿಲ್ಲ. ಪಿ-0135 ಬಂದರೆ ಕನ್ವರ್ಟರಿನ ಮುಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ ದೂರು, ಪಿ-0141 ಹಿಂದಿನದರದು. ಇವೆರಡಕ್ಕೂ ಮೊದಲು ಫ್ಯೂಸ್ ನೋಡು, ಆಮೇಲೆ ವೈರ್. ಕಬ್ಬಿನ ಹೊಲದ ಪಕ್ಕ ನಿಲ್ಲುವ ಗಾಡಿಯ ವೈರಿಗೆ ಇಲಿಯ ಹಲ್ಲು ತಾಗುವುದು ಹೊಸ ಸುದ್ದಿಯಲ್ಲ. ಫ್ಯೂಸೂ ವೈರೂ ನೆಟ್ಟಗಿದ್ದು, ಮಲ್ಟಿಮೀಟರಿನಲ್ಲಿ ಹೀಟರಿನ ತಂತಿ ಕಡಿದದ್ದು ಕಂಡರೆ ಮಾತ್ರ ಸೆನ್ಸರ್ ತರಿಸು.

ಪಿ-0171 ಬಂದರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಎಂದರ್ಥ. ಅದನ್ನು ಹೇಳಿದ್ದು ಸೆನ್ಸರ್. ಹಾಗೆಂದು ತಪ್ಪು ಸೆನ್ಸರಿನದೇ ಆಗಬೇಕಿಲ್ಲ. ದೂರು ಕೊಟ್ಟವನನ್ನೇ ಹಿಡಿದು ಜೈಲಿಗೆ ಹಾಕಿದರೆ ಕಳ್ಳ ಸಿಗುತ್ತಾನೆಯೇ? ಸೈಲೆನ್ಸರ್ ಪೈಪಿನ ಜಾಯಿಂಟ್ ಸೆನ್ಸರಿಗಿಂತ ಮುಂಚೆ ಸೀಳಿದ್ದರೆ ಹೊರಗಿನ ಗಾಳಿ ಒಳಗೆ ಎಳೆಯುತ್ತದೆ. ಸೆನ್ಸರ್ ಆ ಗಾಳಿಯ ಆಮ್ಲಜನಕವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಗಾಡಿಯ ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. ಬೆಳಗ್ಗೆ ತಣ್ಣನೆಯ ಇಂಜಿನ್ ಚಾಲೂ ಮಾಡಿಸಿ, ಹಿಂದಿನ ಪೈಪಿಗೆ ಕ್ಷಣಹೊತ್ತು ದಪ್ಪ ಬಟ್ಟೆ ಒತ್ತಿಸು. ಜಾಯಿಂಟಿನಲ್ಲಿ ‘ಚುಸ್’ ಎಂದರೆ, ಇಲ್ಲವೇ ಕಪ್ಪು ಮಸಿಯ ಗೆರೆ ಕಂಡರೆ, ನಿನ್ನ ಕಳ್ಳ ಅಲ್ಲೇ ಇದ್ದಾನೆ. ಗ್ಯಾಸ್ಕೆಟ್ ಬದಲಿಸುವುದಕ್ಕೂ ಕನ್ವರ್ಟರ್ ಬದಲಿಸುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ.

ಇನ್ನೊಂದು ವಿಷಯ. ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥೆನಾಲ್ ಸೇರುತ್ತದೆ, ಅದರಲ್ಲಿ ನಮ್ಮ ಕಬ್ಬಿನದೂ ಇದೆ. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೇ ಗಾಡಿಯ ಕಂಪ್ಯೂಟರ್ ಅದನ್ನು ಸರಿದೂಗಿಸಲು ಇಂಧನ ಸ್ವಲ್ಪ ಹೆಚ್ಚು ಬಿಡಬೇಕಾಗುತ್ತದೆ. ಮೊದಲೇ ಇಂಜೆಕ್ಟರಿನಲ್ಲಿ ಕಸ ಕಟ್ಟಿದ್ದರೆ ದೀಪ ಬೇಗ ಹತ್ತುತ್ತದೆ. ನಿನ್ನ ಗಾಡಿಗೆ ಎರಡು ಇಂಧನ ಇರುವುದೇ ಒಂದು ಅನುಕೂಲ: ಪೆಟ್ರೋಲಿನಲ್ಲಿ ಓಡಿಸಿ ನೋಡು, ಸಿಎನ್‌ಜಿಯಲ್ಲಿ ಓಡಿಸಿ ನೋಡು. ಗ್ಯಾಸಿನಲ್ಲಿ ಮಾತ್ರ ತಕರಾರಿದ್ದರೆ ರೆಗ್ಯುಲೇಟರ್, ಗ್ಯಾಸ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ನೋಡಿಸು; ಸಿಎನ್‌ಜಿಗೆ ಕಿಡಿ ಜೋರಾಗಿ ಬೇಕು.

ಪಿ-0420 ಬಂದಿದ್ದರೆ ಮಾತ್ರ ಕನ್ವರ್ಟರಿನ ಸುದ್ದಿ. ಸ್ಕ್ಯಾನರಿನಲ್ಲಿ ಎರಡೂ ಸೆನ್ಸರುಗಳ ವೋಲ್ಟ್ ಒಟ್ಟಿಗೆ ತೋರಿಸು ಎನ್ನು. ಬಿಸಿಯಾದ ಗಾಡಿಯಲ್ಲಿ ಮುಂದಿನದು 0.1ರಿಂದ 0.9 ವೋಲ್ಟ್ ನಡುವೆ ಕುಣಿಯಬೇಕು, ಹಿಂದಿನದು ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲಬೇಕು. ಪೈಪ್ ಸೋರದೆಯೂ ಹಿಂದಿನದು ಮುಂದಿನದರಂತೆಯೇ ಕುಣಿದರೆ ಕನ್ವರ್ಟರ್ ಸತ್ತಿದೆ. ಏರಿನಲ್ಲಿ ಲೋಡ್ ಎಳೆಯದೆ ಉಸಿರು ಕಟ್ಟಿದರೆ ಅದು ಕಟ್ಟಿಕೊಂಡಿರಬಹುದು: ಮುಂದಿನ ಸೆನ್ಸರ್ ಬಿಚ್ಚಿ ಅದೇ ತೂತಿಗೆ ಪ್ರೆಷರ್ ಗೇಜ್ ಹಾಕಿಸು. 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ಒಳಗೆ ಅಡ್ಡಿ ಇದೆ.

ಆದರೆ ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ. ಕಿಡಿ ತಪ್ಪಿದ ಸಿಲಿಂಡರಿನ ಪೆಟ್ರೋಲ್ ಅದರೊಳಗೆ ಹೋಗಿ ಉರಿದು ಜೇನುಗೂಡಿನಂಥ ಸೆರಾಮಿಕ್ ಕರಗುತ್ತದೆ. ಸುಟ್ಟ ಆಯಿಲ್ ಅದರ ಮೈ ಮುಚ್ಚುತ್ತದೆ. ಆ ರೋಗ ಬಿಟ್ಟು ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ದೀಪ ಮಿಣುಕತೊಡಗಿದರಂತೂ ಲೋಡ್ ಎಳೆಯಬೇಡ, ಪ್ಲಗ್–ಕಾಯಿಲ್ ನೋಡಿಸು. ಇನ್ನು, ಕನ್ವರ್ಟರ್ ನೂರಾರು ಡಿಗ್ರಿ ಕಾಯುತ್ತದೆ. ಕಬ್ಬು ಕಡಿದ ಹೊಲದ ಒಣ ರವದಿಯ ಮೇಲೆ ಗಾಡಿ ನಿಲ್ಲಿಸಲೇಬೇಡ.

‘ಕನ್ವರ್ಟರ್ ತೆಗೆದೇ ಬಿಡೋಣ, ಗಾಡಿ ಹಗುರಾಗುತ್ತದೆ’ ಎನ್ನುವವರೂ ಸಿಗುತ್ತಾರೆ. ಒಪ್ಪಬೇಡ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇವೆ. ಹಳೆಯದನ್ನು ಯಾರು ಮಾರಿಕೊಳ್ಳುತ್ತಾರೋ ವಿಚಾರ ಮಾಡು. ಮಾಲಿನ್ಯದ ಕೇಸಿಗೆ ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ 10,000 ರೂಪಾಯಿವರೆಗೆ ದಂಡ ಇದೆ, ಲೈಸೆನ್ಸೂ ಅಮಾನತಾಗುತ್ತದೆ.

ಕೊನೆಗೆ ವ್ಯವಹಾರದ ಮಾತು. ಕೋಡ್ ಅಳಿಸಿದ ಕೂಡಲೇ ದೀಪ ಆರುತ್ತದೆ, ಅದನ್ನೇ ರಿಪೇರಿ ಅಂದುಕೊಳ್ಳಬೇಡ. ಕಳಚಿದ ಹಳೇ ಸಾಮಾನು ಕೇಳಿ ತಗೋ. ಬಿಲ್ಲಿನ ಒಂದಷ್ಟು ಬಾಕಿ ಉಳಿಸಿಕೋ. ಲೋಡ್ ಹಾಕಿ ಕೆಲವು ದಿನ ಓಡಿಸಿ, ಅದೇ ನಂಬರ್ ತಿರುಗಿ ಬರದಿದ್ದರೆ ಉಳಿದದ್ದು ಕೊಡು.